ಕಟ್ಟದ ನೀರು ಖಾಲಿಯಾಗುವವರೆಗೆ

"ಹೆಣ ಎತ್ತಲಿಕ್ಕೂ ಯೋಗ್ಯತೆ ಇಲ್ಲ ನಿನಗೆ! ಇಷ್ಟು ವರ್ಷ ನಾಯಿಗೆ ಅನ್ನ ಹಾಕಿದ್ದರೆ ಮೂಸಿಯಾದರೂ ತೋರಿಸ್ತಿತ್ತು."

ಮುರಳಿಕೃಷ್ಣನ ಮಾತು ಕಟ್ಟದ ಮೇಲೆ ನಿಂತಿದ್ದ ಅರ್ಧ ಊರಿಗೆ ಕೇಳಿಸಿತು. ಹಿಂದೆ ಯಾರೋ ಕಿಸಕ್ಕೆಂದರು.

ಕುತ್ತಿಗೆಯವರೆಗೆ ನೀರಿನಲ್ಲಿದ್ದ ಬೋಜಪ್ಪ ಹಲ್ಲು ಕಚ್ಚಿದ. ಮೇಲೇರುತ್ತಿದ್ದ ಬಿಸಿಲನ್ನೊಮ್ಮೆ ನೋಡಿದ. ಉಸಿರೆಳೆದು ಮತ್ತೆ ಮುಳುಗಿದ.

ಪಂಜ ಪೇಟೆಯ ಆಚೆ, ಎರಡು ಗುಡ್ಡಗಳ ನಡುವೆ ಹರಿಯುವ ತೋಡಿಗೆ ಅಡ್ಡಲಾಗಿ ಮುರಳಿಕೃಷ್ಣ ಕಟ್ಟಿಸಿದ ಮಣ್ಣಿನ ಕಟ್ಟ ಅದು. ನಿಂತ ನೀರಿನ ಮೇಲೆ ಪೆಡಲ್ ಬೋಟು, ದಡದಲ್ಲಿ ಬಾಡಿಗೆಗೆ ಕೋಣೆಗಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಬೋಜಪ್ಪನಿಗೆ ಬೋಟು ನೋಡಿಕೊಳ್ಳುವುದು, ನೀರಿಗೆ ಬಿದ್ದವರನ್ನು ಎತ್ತುವುದು ಕೆಲಸ. ಇವತ್ತು ಕಾಣೆಯಾದವಳು ಧಣಿಯ ಹೆಂಡತಿ ನಿಶ್ಮಿತಾ. ಬೆಳಿಗ್ಗೆ ಕಟ್ಟದ ಅಂಚಿನಲ್ಲಿ ಅವಳ ಚಪ್ಪಲಿ, ಪಕ್ಕದಲ್ಲಿ ಮಡಚಿಟ್ಟ ಶಾಲು ಇದ್ದವು. ಮೊದಲು ಕಂಡದ್ದು ಬೋಜಪ್ಪನಿಗೇ. ಬೊಬ್ಬೆ ಹಾಕಿ ಜನ ಸೇರಿಸಿದವನೂ ಅವನೇ.

ಕೆಂಪು ರಾಡಿಯ ನೀರು. ಕಣ್ಣು ಬಿಟ್ಟರೆ ಸ್ವಂತ ಕೈಯೂ ಕಾಣದು. ಕೆಸರನ್ನು ತಡವುತ್ತ ಹೋಗಬೇಕು. ಎದೆ ಒಡೆಯುವ ಹಾಗಾದಾಗ ಮೇಲೆ ಬರಬೇಕು.

ಸವಣೂರಿನಿಂದ ಓಡಿ ಬಂದಿದ್ದ ಅವಳ ಅಪ್ಪ ಡೊಂಬಯ್ಯ ಚಪ್ಪಲಿಯ ಹತ್ತಿರವೇ ಕುಸಿದು ಕೂತಿದ್ದ. ಠಾಣೆಯಿಂದ ಬಂದಿದ್ದ ಎಸ್‌ಐ ಕೇಳದಿದ್ದರೂ ಅವನಿಗೆ ತಾನಾಗಿಯೇ ಹೇಳುತ್ತಿದ್ದ. "ಎರಡು ಸಲ ಮನೆಗೆ ಓಡಿ ಬಂದಿದ್ದಳು ಸಾರ್. ಕೈಯೆಲ್ಲ ನೀಲಿಗಟ್ಟಿತ್ತು. ಗಂಡ ಹೆಂಡತಿ ಅಂದ ಮೇಲೆ ಇದ್ದದ್ದೇ ಅಂತ ನಾನೇ ಆಟೋ ಮಾಡಿ ತಂದು ಬಿಟ್ಟೆ. ಎರಡು ಸಲವೂ ನಾನೇ..."

ಮೇಲೆ ಬಂದ ಬೋಜಪ್ಪನಿಗೆ ಅದು ಕೇಳಿಸಿತು. ಅವನ ಕಣ್ಣು ಕೆಂಪಾಗಿದ್ದದ್ದು ನೀರಿನಿಂದ ಮಾತ್ರ ಅಲ್ಲ. ಆ ಎರಡೂ ಆಟೋಗಳನ್ನು ಅವನು ಬೋಟಿನ ಹತ್ತಿರ ನಿಂತು ನೋಡಿದ್ದ. ಸೆಕೆಗಾಲದಲ್ಲೂ ಅವಳು ಹೊದೆಯುತ್ತಿದ್ದ ಶಾಲನ್ನೂ ನೋಡಿದ್ದ.

"ಸಾಕು ಸಾರ್, ಇವನನ್ನು ನಂಬಿದರೆ ಆಗ್ಲಿಕ್ಕಿಲ್ಲ," ಎಂದ ಮುರಳಿಕೃಷ್ಣ. "ಇಲ್ಲಿ ಇಲ್ಲ ಅಂತಾದರೆ ಈಗಲೇ ಹೇಳಿ. ನನ್ನ ಹುಡುಗರು ಜೀಪಲ್ಲಿ ಕಾಯ್ತಾ ಇದ್ದಾರೆ. ಹೊರಗೆ ಎಲ್ಲಿದ್ದರೂ ಹುಡುಕಿ ಎಳೆದು ತರ್ತೇವೆ."

"ಸಿಕ್ಕಿತು!" ನೀರಿನಿಂದ ಬೋಜಪ್ಪ ಕೂಗಿದ. "ಕಾಲಿಗೆ ಬಟ್ಟೆ ತಾಗಿತು! ಇಲ್ಲೇ ಉಂಟು, ಇಲ್ಲೇ!"

ಜೀಪಿನ ಹುಡುಗರೂ ಇಳಿದು ದಡಕ್ಕೆ ಓಡಿ ಬಂದರು. ಬೋಜಪ್ಪ ಮುಳುಗಿದ, ಎದ್ದ, ಮುಳುಗಿದ. ಹಗ್ಗ ಬೇಕೆಂದ. ಹಗ್ಗ ಸಾಲದು, ಉದ್ದದ ಬಿದಿರು ಬೇಕೆಂದ. ಬಿದಿರು ಕಡಿದು ತರುವಷ್ಟರಲ್ಲಿ ನೆರಳು ಕಾಲ ಬುಡಕ್ಕೆ ಬಂದಿತ್ತು. ಕೊನೆಗೆ ಎಲ್ಲರೂ ಸೇರಿ ಎಳೆದಾಗ ಮೇಲೆ ಬಂದದ್ದು ಉದ್ಘಾಟನೆಯ ಹಳೆಯ ಫ್ಲೆಕ್ಸು. ಅದರೊಳಗಿಂದ ಮುರಳಿಕೃಷ್ಣ ಕೈಮುಗಿದು ನಗುತ್ತಿದ್ದ.

"ಓ, ಧಣಿಗಳೇ ಸಿಕ್ಕಿದ್ರಲ್ಲ ಮಾರಾಯ," ಎಂದರು ಯಾರೋ.

ಡೊಂಬಯ್ಯ ಮಾತ್ರ ನಗಲಿಲ್ಲ. ಎದ್ದು ನಿಂತ. "ಕಟ್ಟ ಒಡೀರಿ ಸಾರ್. ನೀರು ಹೋಗಲಿ. ನನಗೆ ಮಗಳ ಮುಖ ನೋಡಬೇಕು."

ತೂಬು ಇಡದೆ ಕಟ್ಟಿದ ಕಟ್ಟ. ನೀರು ಬಿಡಬೇಕಾದರೆ ಜೆಸಿಬಿಯಲ್ಲಿ ಅಗೆದೇ ಬಿಡಬೇಕು.

ಮುರಳಿಕೃಷ್ಣನ ಮುಖ ಕಪ್ಪಿಟ್ಟಿತು. "ಒಡೆದರೆ ಈ ವರ್ಷ ಮತ್ತೆ ನೀರು ನಿಲ್ಲುದಿಲ್ಲ ಸಾರ್. ಮೇ ತಿಂಗಳ ಬುಕ್ಕಿಂಗ್ ಎಲ್ಲ ಆಗಿ ಉಂಟು."

"ನನ್ನ ಮಗಳು ಅದರೊಳಗೆ ಇದ್ದಾಳೆ ಮಾರಾಯ್ರೆ!"

"ಒಡೀಬೇಡಿ!" ಬೋಜಪ್ಪ ದಡಕ್ಕೆ ಹತ್ತಿ ಬಂದು ಎಸ್‌ಐಯ ಎದುರು ನಿಂತ. "ನಾನು ಹುಡುಕ್ತೇನೆ ಸಾರ್. ಸಾಯಂಕಾಲದವರೆಗೆ ಟೈಮು ಕೊಡಿ. ಕಾಲು ಹಿಡಿತೇನೆ ಬೇಕಾದರೆ."

ಡೊಂಬಯ್ಯ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನಿನ್ನ ಧಣಿಯ ಕಟ್ಟ ಉಳಿಸ್ಲಿಕ್ಕೆ ನಿಂತದ್ದಾ ನೀನು? ಥೂ! ನಿನಗೆ ಅಕ್ಕ ತಂಗಿ ಯಾರೂ ಇಲ್ವಾ?"

ಉಗುಳು ಬೋಜಪ್ಪನ ಪಾದದ ಹತ್ತಿರ ಬಿತ್ತು. ಅವನು ತಿರುಗಿ ನೀರಿಗೆ ಹಾರಿದ.

ಜೆಸಿಬಿ ಕಡಬದ ಕಡೆಯಿಂದ ಬರಬೇಕಾಯಿತು. ಅದು ಬರುವವರೆಗೂ ಅವನು ಮೇಲೆ ಹತ್ತಲಿಲ್ಲ. ಮೂಗಿನಲ್ಲಿ ರಕ್ತ ಒಸರುತ್ತಿತ್ತು. ಬನ್ನಿ, ಸಾಯ್ತೀರಿ ಎಂದು ಪೊಲೀಸಪ್ಪನೇ ಕರೆದ. ಕಟ್ಟದ ನೆತ್ತಿಗೆ ಯಂತ್ರದ ಹಲ್ಲು ತಾಗುವವರೆಗೂ ಮುಳುಗುತ್ತಲೇ ಇದ್ದ.

ಮಣ್ಣು ಸೀಳಿದ ಕಡೆ ಮೊದಲು ಬೆರಳಿನಷ್ಟು ನೀರು ಜಿನುಗಿತು. ಆಮೇಲೆ ಕಟ್ಟವೇ ಬಾಯಿ ಬಿಟ್ಟಿತು. ಕೆಂಪು ನೀರು ಗುಡುಗುತ್ತಾ ತೋಡಿಗೆ ನುಗ್ಗಿತು. ಬೋಟುಗಳು ಒಂದೊಂದಾಗಿ ಕೆಸರಿನಲ್ಲಿ ಕೂತವು. ಮುರಳಿಕೃಷ್ಣ ತಲೆ ಮೇಲೆ ಕೈಹೊತ್ತು ಕಟ್ಟವನ್ನೇ ನೋಡುತ್ತಿದ್ದ. ಡೊಂಬಯ್ಯ ಇಳಿಯುತ್ತಿದ್ದ ನೀರನ್ನು ನೋಡುತ್ತಿದ್ದ.

ಹೊತ್ತು ಇಳಿಯುವಾಗ ತಳ ಕಂಡಿತು. ಪ್ಲಾಸ್ಟಿಕ್ ಬಾಟ್ಲಿಗಳು, ಒಂದು ಮುರಿದ ಪೆಡಲು, ಒದ್ದಾಡುವ ಮೀನುಗಳು. ಇನ್ನೇನೂ ಇರಲಿಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುರಳಿಕೃಷ್ಣ ಜೀಪಿನ ಕಡೆ ಓಡಿದ. ಡೊಂಬಯ್ಯ ತಡವರಿಸುತ್ತಾ ಬಂದು ಬೋಜಪ್ಪನ ಒದ್ದೆ ಅಂಗಿ ಹಿಡಿದುಕೊಂಡ.

"ನೀರಲ್ಲಿ ಇಲ್ಲದಿದ್ದರೆ ಎಲ್ಲಿ ಹೋದಳು ಮಗಾ? ಬದುಕಿದ್ದಾಳಾ? ನೀನಾದರೂ ಹೇಳು."

ಚಪ್ಪಲಿ, ಶಾಲು ಕಟ್ಟದ ಅಂಚಿನಲ್ಲಿಟ್ಟು, ನಸುಕಿನಲ್ಲಿ ಬೋಜಪ್ಪ ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಪುತ್ತೂರಿನಲ್ಲಿ ರೈಲು ಹತ್ತಿಸಿದ ನಿಶ್ಮಿತಾ ಇಷ್ಟು ಹೊತ್ತಿಗೆ ಯಾರ ಕೈಗೂ ಸಿಗದಷ್ಟು ದೂರ ಹೋಗಿ ಇಳಿದಿರುತ್ತಾಳೆ. ಅಪ್ಪನಿಗೆ ಮಾತ್ರ ಹೇಳಬೇಡ ಎಂದು ಅವಳು ಆಣೆ ಹಾಕಿಸಿಕೊಂಡಿದ್ದಳು. ಬೋಜಪ್ಪ ಆ ಮುದುಕನ ಕೈ ಬಿಡಿಸಿ ನಡೆದುಬಿಟ್ಟ.