ಎಲೆ ತೊಳ್ಕೊಂಡು ಬಾ

ಇವತ್ತು ಊಟಕ್ಕೆ ಕೂರುವ ಮೊದಲು ಇದನ್ನೊಮ್ಮೆ ಓದಿಬಿಡಿ...

ನಮ್ಮ ಕಡೆ ಮದುವೆ ಅಡುಗೆ ಎಂದರೆ ಅಚ್ಯುತ ಭಟ್ಟರದೇ. ಎಂಟುನೂರು ಜನವಾಗಲಿ, ಸಾವಿರವಾಗಲಿ, ಅವರ ಹುಳಿಯ ರುಚಿ ಒಂದೇ!

ಅವರ ಅಡುಗೆಮನೆಯಲ್ಲಿ ನೈವೇದ್ಯ ಆಗುವ ತನಕ ಯಾರೂ ರುಚಿ ನೋಡುವಂತಿಲ್ಲ. ಹಾಗಾಗಿ ಉಪ್ಪು ಹಾಕುವ ಕೈ ಒಂದೇ... ಅದು ಭಟ್ಟರದು.

ಉಪ್ಪಿನ ಡಬ್ಬಿ ತೆರೆಯುವ ಮೊದಲು ಸಹಾಯಕ ಫಣಿಯನ್ನು ಹೊರಗೆ ಕಳಿಸಿಬಿಡುತ್ತಿದ್ದರು.

"ಲೋ ಫಣೀ, ಎಲೆ ತೊಳ್ಕೊಂಡು ಬಾ."

ಫಣಿ ಕೆಲಸಕ್ಕೆ ಸೇರಿದಾಗ ಇಪ್ಪತ್ತೊಂದು ವರ್ಷ. ಈಗ ನಲವತ್ತು. ತಲೆ ನರೆಯಿತು... ಎಲೆ ತೊಳೆಯುವುದು ಮಾತ್ರ ತಪ್ಪಲಿಲ್ಲ.

ಅವನ ಹೆಂಡತಿ ಛೇಡಿಸುತ್ತಿದ್ದಳು. "ಇಷ್ಟು ವರ್ಷಕ್ಕೆ ಜನ ಡಾಕ್ಟರೇ ಆಗ್ಬಿಡ್ತಾರೆ. ನೀವಿನ್ನೂ ಉಪ್ಪಿನ ಕ್ಲಾಸೇ ಪಾಸಾಗಿಲ್ವಲ್ರೀ!"

ಸ್ವಂತಕ್ಕೆ ಒಂದು ನಾಮಕರಣದ ಆರ್ಡರ್ ಹಿಡಿಯಬೇಕು... ಅವನಿಗಿದ್ದದ್ದು ಅದೊಂದೇ ಆಸೆ. ಆದರೆ ಕೊಪ್ಪರಿಗೆ ಹುಳಿಗೆ ಉಪ್ಪೆಷ್ಟು?

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟ. "ಭಟ್ಟರೇ, ಅಳತೆ ಒಂದು ಹೇಳ್ಕೊಡಿ..."

ಭಟ್ಟರು ಬಡಿಸುವವರೆಲ್ಲರ ಎದುರಿಗೇ ಬಿಸಿ ಸೌಟಿನಿಂದ ಅವನ ಕೈಗೆ ಬಾರಿಸಿದರು. "ನಾನಿನ್ನೂ ಸತ್ತಿಲ್ಲ ಕಣೋ! ಉಪ್ಪಿನ ವಿಷ್ಯಕ್ಕೆ ಇನ್ನೊಂದ್ಸಲ ಬಾಯಿ ತೆಗೆದ್ಯೋ, ನೋಡ್ಕೋ!"

ಎಲ್ಲರೂ ನಕ್ಕರು. ಫಣಿ ಮತ್ತೆ ಬಾಯಿ ತೆಗೆಯಲಿಲ್ಲ.

ಹೋದ ವೈಶಾಖದಲ್ಲಿ ಭಟ್ಟರ ಮೊಮ್ಮಗಳ ಮದುವೆ. ಭಟ್ಟರಿಗೆ ಎಪ್ಪತ್ತೊಂಬತ್ತು. ಸ್ನಾನ ಮಾಡಿ ಬಂದವರು ಮತ್ತೆ ಸ್ನಾನಕ್ಕೆ ನೀರು ಕೇಳುವಷ್ಟು ಮರೆವು. ಅಡುಗೆಗೆ ನಿಲ್ಲುವುದು ಬೇಡವೆಂದು ಮಗ ಹೇಳಿದರೂ ಕೇಳಲಿಲ್ಲ.

"ನನ್ನ ಪುಟ್ಟಿ ಮದ್ವೇಲಿ ಬೇರೆಯವನ ಕೈ ಉಪ್ಪಾ?"

ಹುಳಿ ಕುದಿಯುತ್ತಿತ್ತು. "ಲೋ ಫಣೀ, ಎಲೆ ತೊಳ್ಕೊಂಡು ಬಾ." ಫಣಿ ತೊಳೆದು ತಂದ.

ಹತ್ತು ನಿಮಿಷ ಕಳೆಯಿತು...

"ಲೋ ಫಣೀ, ಎಲೆ ತೊಳ್ಕೊಂಡು ಬಾ."

ಫಣಿ ನಲ್ಲಿಯ ಹತ್ತಿರ ಹೋಗಿ ನಿಂತ. ತೊಳೆಯಲು ಒಂದು ಎಲೆಯೂ ಉಳಿದಿರಲಿಲ್ಲ. ಒಳಗೆ ಉಪ್ಪು ಎರಡನೇ ಸಲ ಬೀಳುತ್ತಿದೆ ಎಂದು ಅವನಿಗೆ ಗೊತ್ತಾಗಿಹೋಯಿತು.

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು...

ಕೈಮೇಲಿನ ಸುಟ್ಟ ಕಲೆಯನ್ನು ನೋಡಿಕೊಂಡ. ಬರಿಗೈ ತೊಳೆದುಕೊಂಡು ಸುಮ್ಮನೆ ಒಳಗೆ ಬಂದ.

ನೈವೇದ್ಯವಾಯಿತು. ಬೀಗರು ಮೊದಲ ಪಂಕ್ತಿಗೆ ಕೂತರು. ಮೊದಲ ತುತ್ತಿಗೇ ವರನ ಸೋದರಮಾವ ಉಗಿದುಬಿಟ್ಟ.

"ಏನ್ರೀ ಇದು, ಸಮುದ್ರದ ನೀರು ತಂದು ಕುದಿಸಿದೀರಾ?"

ಪಂಕ್ತಿಗೆ ಪಂಕ್ತಿಯೇ ಎದ್ದುಹೋಯಿತು. ಮದುಮಗಳು ಅರಿಶಿನದ ಕೈಯಲ್ಲೇ ಮುಖ ಮುಚ್ಚಿಕೊಂಡಳು.

ಅಡುಗೆಮನೆಯಲ್ಲಿ ಭಟ್ಟರು ಉಪ್ಪಿನ ಡಬ್ಬಿ ಹಿಡಿದು ಕೂತಿದ್ದರು.

"ಎರಡು ಸಲ ಹಾಕಿದ್ನೇನೋ ಫಣೀ?"

"ಹೌದು ಭಟ್ಟರೇ."

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೋ ಹೇಳ್ಲಿಲ್ಲ?"

"ಉಪ್ಪಿನ ವಿಷ್ಯಕ್ಕೆ ಬಾಯಿ ತೆಗೀಬೇಡ ಅಂದಿದ್ರಲ್ಲ... ಹತ್ತೊಂಬತ್ತು ವರ್ಷದಲ್ಲಿ ನೀವು ನಂಗೆ ಕಲಿಸಿದ್ದು ಅದೊಂದೇ."

ಭಟ್ಟರು ಅತ್ತರು. ಅಳುತ್ತಲೇ ಡಬ್ಬಿಯನ್ನು ಅವನ ಕೈಗೆ ತುರುಕಿದರು.

"ತಗೊಳ್ಳೋ... ಇವತ್ತಿಂದ ಇದು ನಿಂದೇ."

ಎಷ್ಟು ವರ್ಷದಿಂದ ಕಾದಿದ್ದ ಡಬ್ಬಿ! ಫಣಿ ಮುಚ್ಚಳ ತೆಗೆದು ಕೇಳಿದ. "ಕೊಪ್ಪರಿಗೆಗೆ ಎಷ್ಟು ಮುಷ್ಟಿ ಭಟ್ಟರೇ?"

ಭಟ್ಟರು ಮುಷ್ಟಿ ಕಟ್ಟಿದರು. ಬಿಚ್ಚಿದರು. ಮತ್ತೆ ಕಟ್ಟಿದರು...

"ಎಷ್ಟು ಹಾಕ್ತಿದ್ದೆನೋ ನಾನು? ನೀನೇ ಹೇಳೋ..."

ಫಣಿಗೆ ಹೇಗೆ ಗೊತ್ತಿರಬೇಕು? ಅವನು ಹೊರಗೆ ಎಲೆ ತೊಳೆಯುತ್ತಿದ್ದ.


ಕಿರಿಯರಿಗೆ ಕೊಡದೆ ಬಚ್ಚಿಟ್ಟ ವಿದ್ಯೆ, ಒಂದು ದಿನ ಬಚ್ಚಿಟ್ಟವರಿಗೂ ಸಿಗುವುದಿಲ್ಲ.

ನಿಮ್ಮ ಡಬ್ಬಿ ತೆರೆಯುವಾಗ, ನೀವು ಯಾರನ್ನು ಎಲೆ ತೊಳೆಯಲು ಕಳಿಸುತ್ತಿದ್ದೀರಿ?