ಒಂದೇ ಮಗ್ಗುಲಿನ ಹಳದಿ

ಗಿಡ ಹಳದಿಗೆ ತಿರುಗಿದ್ದು ತನ್ನಿಂದಲೇ ಎಂದು ಹಿಮೆನಾ ತನ್ನೊಳಗೇ ಒಪ್ಪಿಕೊಂಡಾಗಿತ್ತು. ಬಾಯಿಬಿಟ್ಟು ಹೇಳುವ ದಾರಿ ಮಾತ್ರ ಕಾಣುತ್ತಿರಲಿಲ್ಲ. ದಿನವೂ ಸಂಜೆ ಅಂಗಳದಲ್ಲಿ ಅವಳು, ದೊಡ್ಡಮ್ಮ, ದೊಡ್ಡಪ್ಪ ಮೂವರೂ ಮಾಟೆ ಕುಡಿಯಲು ಕೂರುತ್ತಿದ್ದರು. ಎಲ್ಬಿಯಾ ದೊಡ್ಡಮ್ಮ ಸೋರೆಬುರುಡೆಗೆ ಕಹಿ ಸೊಪ್ಪಿನ ಪುಡಿ ತುಂಬಿ, ಬಿಸಿನೀರು ಹೊಯ್ದು, ಮೊದಲ ಸಲದ್ದನ್ನು ಕೊಳವೆಯಲ್ಲಿ ತಾನು ಹೀರಿ, ಆಮೇಲೆ ಮತ್ತೆ ಮತ್ತೆ ನೀರು ತುಂಬಿ ಸರದಿಯಂತೆ ದಾಟಿಸುತ್ತಿದ್ದಳು. ಹಿಮೆನಾ ಕೊಳವೆಗೆ ತುಟಿ ತಾಗಿಸಿದ ಹಾಗೆ ಮಾಡಿ, ದೊಡ್ಡಮ್ಮ ಬೀದಿಯಲ್ಲಿ ಹೋಗುವವರನ್ನು ಮಾತಾಡಿಸುವ ಹೊತ್ತು ನೋಡಿ, ಪಕ್ಕದ ಗಾಂಜಾ ಕುಂಡಕ್ಕೆ ಬುರುಡೆ ಬಗ್ಗಿಸಿಬಿಡುತ್ತಿದ್ದಳು. ನಾಲಿಗೆ ಬೆಂದುಹೋಗುವಷ್ಟು ಬಿಸಿ, ಇನ್ನೇನು ಮಾಡುವುದು? ಪೈಸಾಂದು ಊರಿನಲ್ಲಿ ಯಾರ ಅಡುಗೆಯನ್ನಾದರೂ ಹಳಿಯಬಹುದು, ಮಾಟೆಯನ್ನು ಹಳಿಯುವಂತಿಲ್ಲ. ಅದೂ ಕೆಟಲಿನ ಹೊಟ್ಟೆಗೆ ಅಂಗೈ ಒತ್ತಿಯೇ ನೀರಿನ ಹದ ಹೇಳುವವಳೆಂದು ಬೀದಿಗೆಲ್ಲ ಹೆಸರಾದ ಎಲ್ಬಿಯಾಳ ಮಾಟೆಯನ್ನು!

ಆದರೆ ಒಂದು ವಿಷಯ ಅವಳಿಗೆ ಬಗೆಹರಿದಿರಲಿಲ್ಲ. ಮನೆಗೆ ಆರು ಗಿಡ ಎಂದು ಕಾನೂನು ಒಪ್ಪಿದ ಲೆಕ್ಕಕ್ಕೆ ಸಾಲಾಗಿಟ್ಟ ಆರು ಕುಂಡಗಳಲ್ಲಿ ಹಳದಿಯಾದದ್ದು ಎರಡು. ಒಂದು ಅವಳ ಕುರ್ಚಿಯ ಪಕ್ಕದ್ದು, ಸರಿ. ಆ ತುದಿಯದಕ್ಕೆ ಅವಳು ಒಂದು ಹನಿಯನ್ನೂ ಹಾಕಿರಲಿಲ್ಲ. ಅದಕ್ಕೇನಾಯಿತು?

ರುಬೆನ್ ದೊಡ್ಡಪ್ಪ ಭೂತಗನ್ನಡಿ ಹಿಡಿದು ಆ ತುದಿಯ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು.

“ಏನಂತೋ ಮುದುಕಾ, ರೋಗಿಗೆ?” ದೊಡ್ಡಮ್ಮ ಕೂತಲ್ಲಿಂದಲೇ ಕೇಳಿದಳು.

“ಗೊಬ್ಬರ ಸಾಲದಿದ್ರೆ ಹಳದಿ ಕೆಳಗಿನ ಎಲೆಯಿಂದ ಮೇಲಕ್ಕೆ ಹತ್ತುತ್ತೆ. ಕಬ್ಬಿಣ ಸಾಲದಿದ್ರೆ ಚಿಗುರಿಂದ ಶುರು. ಇದು ಎರಡೂ ಅಲ್ಲ.”

“ನೋಡೇ ಹಿಮೆ, ಎಲೇನ ಹೆಂಗೆ ನೋಡ್ತಾನೆ! ಮದುವೆ ಆದಾಗಿಂದ ನನ್ನ ಮುಖಾನ ಒಂದು ದಿನ ಹಿಂಗೆ ನೋಡಿಲ್ಲ.”

“ನಿನ್ನ ಮುಖ ಹಳದಿ ಆಗಿರ್ಲಿಲ್ಲವಲ್ಲೇ ಮುದುಕಿ.”

“ಆಗಿತ್ತು, ಆಸ್ಪತ್ರೇಲಿ. ಆವಾಗ ನೀನು ಕಿಟಕಿ ನೋಡ್ತಿದ್ದೆ.”

ದೊಡ್ಡಪ್ಪ ಇನ್ನೊಂದು ಎಲೆ ತಿರುಗಿಸಿದರು. ಹೋದ ವರ್ಷ ಕ್ಯಾನ್ಸರಿನ ಕಿಮೋ ಮುಗಿದ ಮೇಲೆ ದೊಡ್ಡಮ್ಮನ ಕಣ್ಣಿಗೆ ನಿದ್ದೆ ಹತ್ತುತ್ತಿದ್ದುದು ಈ ಗಿಡಗಳ ಹೂವಿನಿಂದ ಅವರು ತೆಗೆಯುವ ಎಣ್ಣೆಯ ಎರಡು ತೊಟ್ಟಿನಿಂದ. ಆರೂ ಗಿಡ ಕೈಗೆ ಬಂದರಷ್ಟೇ ಚಳಿಗಾಲ ದಾಟುವಷ್ಟು ಎಣ್ಣೆ.

“ಬೇರು ಕೊಳೆತಿರಬೇಕು. ಎರಡನ್ನೂ ಕಿತ್ತು ಎಸಿ. ಉಳಿದ ನಾಲ್ಕಕ್ಕೆ ಅಂಟೋದು ಬೇಡ,” ಎಂದಳು ದೊಡ್ಡಮ್ಮ.

“ರೋಗ ಅಲ್ಲ ಅದು.” ದೊಡ್ಡಪ್ಪನ ಉತ್ತರ ತಟ್ಟನೆ ಬಂತು.

“ಮತ್ತೇನು?”

ಅವರು ಭೂತಗನ್ನಡಿಯನ್ನು ಅಂಗಿಯ ಅಂಚಿಗೆ ಒರೆಸತೊಡಗಿದರು. ದೊಡ್ಡಮ್ಮ “ವೈದ್ಯರ ಬಾಯಿ ಕಟ್ಟಿತು” ಎಂದು ನಗುತ್ತ, ಬರಿದಾದ ಫ್ಲಾಸ್ಕ್ ಹಿಡಿದು ನೀರು ಕಾಯಿಸಲು ಒಳಗೆ ಹೋದಳು.

ಹಿಮೆನಾ ಕುತೂಹಲ ತಡೆಯಲಾರದೆ ಎದ್ದು ಹೋಗಿ ಆ ತುದಿಯ ಗಿಡದ ಸುತ್ತ ಒಂದು ಸುತ್ತು ಬಂದಳು. ಗೋಡೆಯ ಕಡೆಯ ಕೊಂಬೆಗಳು ಕಡುಹಸಿರು. ಹಳದಿಯೆಲ್ಲ ಇತ್ತಲಿನ ಮಗ್ಗುಲಿಗೆ, ದೊಡ್ಡಪ್ಪನ ಕುರ್ಚಿಯ ಕಡೆಗೆ. ಅವಳ ಕುಂಡದ್ದೂ ಹಾಗೆಯೇ, ಅವಳ ಕುರ್ಚಿಯ ಕಡೆಗೆ ಮಾತ್ರ. ಬಗ್ಗಿ ನೋಡಿದರೆ ಬುಡದಲ್ಲಿ ಮಾಟೆ ಸೊಪ್ಪಿನ ಹಸಿರು ಚೂರುಗಳು. ಮಣ್ಣಿಗೆ ಬೆರಳು ಊರಿದಳು.

“ದೊಡ್ಡಪ್ಪ, ಮಣ್ಣು ಬೆಚ್ಚಗಿದೆ.”

“ಬಿಸಿಲಿಗೆ.”

“ಬಿಸಿಲು ಇಳಿದು ಎಷ್ಟೊತ್ತಾಯ್ತು?”

“ನಿನ್ನ ಕುಂಡಾನೂ ಬೆಚ್ಚಗಿದೆ. ನಾನು ಕೇಳಿದ್ನಾ?”

ಹಿಮೆನಾಳ ಕಿವಿ ಕೆಂಪಾಯಿತು. ಇಬ್ಬರೂ ಒಬ್ಬರಿಗೊಬ್ಬರು ಕಾಣದಂತೆ ಒಂದೇ ಕಳ್ಳತನ ಮಾಡುತ್ತ ಬಂದಿದ್ದರು. ನಗು ಬರುವುದರಲ್ಲಿತ್ತು, ಅಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. “ಮತ್ತೆ ದೊಡ್ಡಮ್ಮ ಇಷ್ಟು ಬಿಸಿ ಹೆಂಗೆ ಕುಡೀತಾಳೆ? ಮೊದಲನೇದು ಅವಳೇ ಅಲ್ವಾ ಕುಡಿಯೋದು?”

ದೊಡ್ಡಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಹೇಳ್ಬೇಡ ಕಣೇ. ಕಿಮೋಗೆ ಕೂದಲು ಹೋಯ್ತು, ಬಾಯಿರುಚಿ ಹೋಯ್ತು. ನೀರಿನ ಹದ ಒಂದು ಉಳಿದಿದೆ ಅಂತ ನಂಬಿಕೊಂಡು ಕೂತಿದ್ದಾಳೆ.”

ದೊಡ್ಡಮ್ಮ ಒಂದು ಕೈಯಲ್ಲಿ ಫ್ಲಾಸ್ಕ್, ಇನ್ನೊಂದರಲ್ಲಿ ಕೆಟಲು ಹಿಡಿದು ಬಂದಳು. ಕೆಟಲಿನ ಮುಚ್ಚಳ ಇನ್ನೂ ಕುಣಿಯುತ್ತಿತ್ತು. ಮೇಜಿನ ಮೇಲಿಟ್ಟು, ಎಂದಿನಂತೆ ಅದರ ಹೊಟ್ಟೆಗೆ ಅಂಗೈ ಒತ್ತಿದಳು. ಒತ್ತಿ, ಅಲ್ಲೇ ಇಟ್ಟುಕೊಂಡು, ದೂರದ ಏನನ್ನೋ ಆಲಿಸುವವಳಂತೆ ಕಣ್ಣು ಮುಚ್ಚಿ, ತಲೆದೂಗಿದಳು. “ಹದವಾಗಿದೆ.” ದೊಡ್ಡಪ್ಪ ಗೋಡೆ ನೋಡಿದರು, ಆಸ್ಪತ್ರೆಯಲ್ಲಿ ಕಿಟಕಿ ನೋಡಿದ ಹಾಗೆ.

ಮೊದಲ ಬುರುಡೆಯನ್ನು ಅವಳೇ ಹೀರಿದಳು. ಆವಿಗೆ ಕನ್ನಡಕ ಮಸುಕಾಯಿತೇ ಹೊರತು ಹುಬ್ಬು ಅಲುಗಲಿಲ್ಲ. ಕೊಳವೆ ತೆಗೆದಾಗ ಕೆಳತುಟಿಯ ಒಳಗೆ ಬಿಳಿಯ ಬೊಬ್ಬೆ ಕಂಡಿತು. ಹಿಮೆನಾ ಇಷ್ಟು ದಿನ ಅದನ್ನು ಶೀತದ ಹುಣ್ಣೆಂದುಕೊಂಡಿದ್ದಳು.

ಮತ್ತೆ ನೀರು ತುಂಬಿ ದೊಡ್ಡಮ್ಮ ಬುರುಡೆ ಚಾಚಿದಳು. “ತಗೋ ಮಗಳೇ, ಆರೋಕೆ ಮುಂಚೆ.” ಅವಳ ಬೆನ್ನ ಹಿಂದಿನಿಂದ ದೊಡ್ಡಪ್ಪ ಕಣ್ಣಲ್ಲೇ ಕುಂಡ ತೋರಿಸಿದರು: ಬಗ್ಗಿಸಿಬಿಡು.

ಹಿಮೆನಾ ಬುರುಡೆಯನ್ನು ತೆಗೆದುಕೊಂಡು ನೆಲದ ಮೇಲಿಟ್ಟಳು. ಕೆಂಡದಂತೆ ಕೆಂಪಾಗಿದ್ದ ದೊಡ್ಡಮ್ಮನ ಅಂಗೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು.

“ದೊಡ್ಡಮ್ಮ, ಈ ನೀರು ಕುದೀತಾ ಇದೆ,” ಎಂದಳು. “ನಿನ್ನ ಕೈಗೆ ಗೊತ್ತಾಗ್ತಿಲ್ಲ.”