ಶಾಲೆಯ ತಿರುವು

ಭತ್ತದ ಚೀಲ ಹೇರಿಕೊಂಡು ಬರುತ್ತಿದ್ದ ಎರ್ರಣ್ಣ ಗಕ್ಕನೆ ಟ್ರ್ಯಾಕ್ಟರಿನ ಬ್ರೇಕ್ ಒತ್ತಿದ. ಸಿರಿಗೇರಿಯ ಶಾಲೆಯ ತಿರುವಿನಲ್ಲಿ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು, ರಸ್ತೆ ದಾಟಲು ನಿಂತಿದ್ದರು. ಎಲ್ಲರ ಮುಂದೆ ಕೈಯೆತ್ತಿ ನಿಂತವಳು ಅವನ ಮಗಳು ಅನುಷಾ.

"ನಡಕೊಂಡು ಹೋಗಬ್ಯಾಡ, ಆಟೋದಾಗ ಹೋಗು ಅಂತ ಹೇಳಿದ್ನಿಲ್ಲ?" ಎಂದು ಸೀಟಿನಿಂದಲೇ ಗದರಿದ.

"ಎಲ್ಲಾರೂ ಕೂಡಿ ನಡಕೊಂಡು ಬರ್ರಿ ಅಂದಾರಪ್ಪ ಟೀಚರು. ರಸ್ತೆ ದಾಟೋದು ಹೆಂಗಂತ ಕಲಿಸ್ಯಾರ."

"ಗಾಡಿಯವ್ರು ನಿಲ್ಲಂಗಿಲ್ಲವ್ವ..." ಎನ್ನುತ್ತ ಎರ್ರಣ್ಣ ಮಾತು ನುಂಗಿದ. ಈ ತಿರುವಿನಲ್ಲಿ ತಾನೇ ಎಂದೂ ವೇಗ ತಗ್ಗಿಸಿದವನಲ್ಲ.

"ನೀ ನಿಂತ್ಯಲ್ಲಪ್ಪ!" ಎಂದು ಅನುಷಾ ನಕ್ಕಳು.

ಮಕ್ಕಳು ರಸ್ತೆಗೆ ಇಳಿಯುವಷ್ಟರಲ್ಲಿ ಟ್ರ್ಯಾಕ್ಟರಿನ ಹಿಂದಿದ್ದ ಲಾರಿ ಹಾರ್ನ್ ಹೊಡೆಯುತ್ತ ಪಕ್ಕದಿಂದ ನುಗ್ಗತೊಡಗಿತು. ಎರ್ರಣ್ಣ ಧುಮುಕಿ, ಅದಕ್ಕೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತ. "ನಿಲ್ಸಲೇ! ಮಕ್ಕಳು ದಾಟಾಕತ್ತಾರ!"

ಲಾರಿ ನಿಂತಿತು. ಮಕ್ಕಳು ಸಾಲಾಗಿ ದಾಟಿದರು. ಆಚೆ ಬದಿಯಿಂದ ಅನುಷಾ ಅಳುಕುತ್ತಲೇ ಕೇಳಿದಳು, "ನಾಳೀನೂ ನಡಕೊಂಡು ಹೋಗ್ಲೇನಪ್ಪ?"

ಎರ್ರಣ್ಣ ಮಕ್ಕಳು ದಾಟಿಹೋದ ರಸ್ತೆಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿದ. "ಹೋಗವ್ವ," ಎಂದ. "ಇನ್ನ ನಾನೂ ಇಲ್ಲಿ ಮೆಲ್ಲಕ ಬರ್ತೀನಿ."